ಸಿನಿಮಾದಲ್ಲಿದ್ದ ಮೆರೆಲಿತಾ

ಫಿಜಿಯ ಸುವಾ ಮಾರ್ಕೆಟ್ಟಿಗೆ ಕೆಸುವಿನ ಗೆಡ್ಡೆ ಕೊಳ್ಳಲು ಹೋದವರಿಗೆ ಮೆರೆಲಿತಾ ಗೆಡ್ಡೆಯ ಜೊತೆ ತನ್ನ ಸಿನಿಮಾದ ಕಥೆಯನ್ನೂ ಕೊಟ್ಟು ಕಳಿಸುತ್ತಿದ್ದಳು. ಗೆಡ್ಡೆಗೆ ದುಡ್ಡು, ಕಥೆ ಬಿಟ್ಟಿ. ಬೇಡವೆಂದರೂ ಬಿಡುತ್ತಿರಲಿಲ್ಲ. ಐವತ್ತೆರಡು ವರ್ಷದಿಂದ ಒಂದೇ ಕಥೆ: ಮೆಲ್ಬರ್ನಿನ ದೊರೆಯೊಬ್ಬ ಕ್ಯಾಮೆರಾ ಹೊತ್ತು ಬಂದಿದ್ದ, ಇಡೀ ಮಾರ್ಕೆಟ್ಟಿನಲ್ಲಿ ಅವನ ಕಣ್ಣಿಗೆ ಬಿದ್ದವಳು ಇವಳೊಬ್ಬಳೇ. ಪಕ್ಕದಲ್ಲಿ ಬೆಂಡೆಕಾಯಿ ಮಾರುವ ಬಿದ್ಯಾವತಿಗೆ ಅದು ಬಾಯಿಪಾಠವಾಗಿತ್ತು. ಮೆರೆಲಿತಾ ಉಸಿರೆಳೆದುಕೊಳ್ಳಲು ನಿಂತರೆ ಮುಂದಿನ ಸಾಲನ್ನು ಅವಳೇ ಹೇಳಿಬಿಡುತ್ತಿದ್ದಳು.

ದೊರೆ ಬಂದದ್ದೇನೋ ಸುಳ್ಳಲ್ಲ. ಪಾಪ, ಊರಿನ ರೀತಿರಿವಾಜು ಕಲಿತೇ ಬಂದಿದ್ದ. ಯಂಗೋನಾ ಬೇರಿನ ಕಟ್ಟನ್ನು ಕಾಣಿಕೆಯಾಗಿ ಹಿರಿಯರ ಮುಂದಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು, "ನಿಮ್ಮ ದಿನನಿತ್ಯದ ಬದುಕನ್ನ ಚಿತ್ರ ತೆಗೀಬೇಕು, ಅಪ್ಪಣೆ ಕೊಡಿ" ಎಂದು ಬೇಡಿಕೊಂಡ. ಅಲ್ಲೇ ಕೆಟ್ಟ. ಬೇರು ಮುಂದಿಟ್ಟು ಕೇಳಿದ ಮೇಲೆ ಅದು ಸಮಾರಂಭ. ಸಮಾರಂಭಕ್ಕೆ ಹಳೇ ಬಟ್ಟೆಯಲ್ಲಿ ಯಾರು ಬರುತ್ತಾರೆ? ಮರುದಿನ ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಚರ್ಚಿನ ಬಿಳಿ ಬಟ್ಟೆ ತೊಟ್ಟು, ತಲೆಗೆ ಎಣ್ಣೆ ಸವರಿ, ಕೈಕಟ್ಟಿ ಸಾಲಾಗಿ ಕೂತಿತ್ತು. ಬಟ್ಟೆ ಕೊಳೆಯಾದೀತೆಂದು ಯಾರೂ ಏನೂ ಮಾರಲಿಲ್ಲ. "ಎಂದಿನ ಹಾಗೆ ಇರಿ, ದಯವಿಟ್ಟು ಎಂದಿನ ಹಾಗೆ" ಎಂದು ದೊರೆ ಅಂಗಲಾಚಿದ. ಎಂಥ ವಿನಯವಂತ ಎಂದು ಮೆಚ್ಚಿ ಅವನ ಕೊರಳಿಗೆ ಇನ್ನೊಂದು ಹಾರ ಹಾಕಿದರು.

ಹತ್ತೊಂಬತ್ತರ ಮೆರೆಲಿತಾಳಿಗೆ ಅವತ್ತು ಇದ್ದದ್ದು ಒಂದೇ ತಲೆನೋವು, ಅವಳವ್ವ ಆಕೊಸಿತಾ. ಮಣ್ಣು ಮೆತ್ತಿದ ಫ್ರಾಕು, ಬರಿಗಾಲು, ಮುಂದಿನ ಎರಡು ಹಲ್ಲಿಲ್ಲ.

"ಅವ್ವಾ, ಎದ್ದು ಹಿಂದ್ಗಡೆ ಹೋಗು. ಮೂಟೆ ಹತ್ರ ಕೂತ್ಕೋ."

"ಗೆಡ್ಡೆ ಮಾರೋರ್ಯಾರೇ? ನಿನ್ನ ದೊರೆ ತಗೋತಾನಾ?"

"ಮಾನ ಕಳೀಬೇಡ, ಹೋಗು!"

ಅವ್ವ ಗೆಡ್ಡೆಗಳನ್ನು ಮಡಿಲಿಗೆ ತುಂಬಿಕೊಂಡು ಎದ್ದುಹೋದಳು. ಮರುವರ್ಷ ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿ ಅವಳದ್ದೊಂದು ಫೋಟೋ ಕೂಡ ಇರಲಿಲ್ಲ. ಮೆರೆಲಿತಾಳ ಕಥೆಯಲ್ಲಿ ಈ ಭಾಗ ಮಾತ್ರ ಯಾವತ್ತೂ ಬರುತ್ತಿರಲಿಲ್ಲ. ಎಲ್ಲವನ್ನೂ ಪೂರ್ತಿ ಮಾಡುವ ಬಿದ್ಯಾವತಿಯೂ ಇದನ್ನು ಪೂರ್ತಿ ಮಾಡುತ್ತಿರಲಿಲ್ಲ.

ಕಳೆದ ತಿಂಗಳು ಆ ಹಳೇ ರೀಲು ಎಲ್ಲೋ ಸಿಕ್ಕಿತು. ಶನಿವಾರ ಮಧ್ಯಾಹ್ನ ಪುರಭವನದಲ್ಲಿ ತೋರಿಸುತ್ತಾರೆಂದು ಸುದ್ದಿಯಾಯಿತು. ಮೆರೆಲಿತಾ ಮೂವತ್ತೊಂದು ಜನ ನೆಂಟರನ್ನು ಹೊರಡಿಸಿಕೊಂಡು, ಮತ್ತೆ ಚರ್ಚಿನ ಬಟ್ಟೆಯಲ್ಲೇ ಬಂದು ಮುಂದಿನ ಸಾಲು ಹಿಡಿದಳು. ಇವತ್ತು ಪರದೆಯ ಮೇಲೆ ಅವಳ ಮುಖ ಬರಲೇಬೇಕಿತ್ತು, ಇಲ್ಲವಾದರೆ ಮಾರ್ಕೆಟ್ಟಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

"ಬರದೇ ಇದ್ರೆ ಏನೇ ಮಾಡ್ತೀ?" ಬಿದ್ಯಾವತಿ ಕಡಲೆ ಜಗಿಯುತ್ತ ಕೇಳಿದಳು.

"ಬಾಯ್ ಮುಚ್ಕೊಂಡ್ ನೋಡು."

ಬಸ್ಸು ಬಂತು, ದಾರಕ್ಕೆ ಪೋಣಿಸಿದ ಮೀನು ಬಂತು, ಮೂಟೆ ಹೊರುವವರು ಬಂದರು. ಬಿಳಿ ಬಟ್ಟೆಯವರು ಮಾತ್ರ ಒಬ್ಬರೂ ಬರಲಿಲ್ಲ. ದೊರೆ ಕೈಕಟ್ಟಿ ಕೂತವರನ್ನೆಲ್ಲ ಕತ್ತರಿಸಿ ಎಸೆದಿದ್ದ. ಆಮೇಲೆ ಪರದೆಯ ಅಂಚಿನಿಂದ ಬಿಳಿ ಬಟ್ಟೆಯ ತೋಳಿನ ಒಂದು ಕೈ ಬಂತು. ಹೋಗು, ಹೋಗು ಎಂದು ಎರಡು ಸಲ ಬೀಸಿ ಮಾಯವಾಯಿತು. ಆ ಕೈ ಬೀಸಿದ ಕಡೆಗೆ ಕ್ಯಾಮೆರಾ ಹೋಯಿತು.

ಅಲ್ಲಿ ಮೂಟೆಗಳ ನಡುವೆ ಆಕೊಸಿತಾ ಕೂತಿದ್ದಳು. ಎಂದಿನ ಹಾಗೆ ಗೆಡ್ಡೆ ಗುಡ್ಡೆ ಹಾಕುತ್ತಿದ್ದಳು. ಸಣ್ಣದನ್ನಿಟ್ಟು ದೊಡ್ಡದನ್ನು ಎತ್ತಲು ಬಂದ ಗಿರಾಕಿಯ ಕೈಗೆ ಫಟ್ಟನೆ ಒಂದು ಕೊಟ್ಟು, ಇಲ್ಲದ ಹಲ್ಲು ತೋರಿಸಿ ನಕ್ಕಳು. ಸಭೆಯೂ ನಕ್ಕಿತು. ಪೂರ್ತಿ ಮೂರು ನಿಮಿಷ ಅವಳೇ.

ದೀಪ ಹತ್ತಿತು. ಮೂವತ್ತೊಂದು ಜನರ ಪರವಾಗಿ ಮೊಮ್ಮಗಳು ಅಜ್ಜಿಯನ್ನು ಕೇಳಿದಳು: "ಬುಬು, ನೀವೆಲ್ಲೂ ಬರ್ಲೇ ಇಲ್ವಲ್ಲ?"

ಬಿದ್ಯಾವತಿ ಕಡಲೆ ಜಗಿಯುವುದನ್ನು ನಿಲ್ಲಿಸಿದಳು. ಈ ಸಲ ಸಾಲು ಎತ್ತಿಕೊಡಲಿಲ್ಲ.

"ಬಂದ್ನಲ್ಲ," ಎಂದಳು ಮೆರೆಲಿತಾ. "ಆ ಕೈ ನಂದೇ."

ಆಮೇಲೆ ಎದ್ದು ನಿಂತು ರೀಲು ಓಡಿಸುವವನಿಗೆ ಕೂಗಿದಳು: "ಇನ್ನೊಂದ್ಸಲ ಹಾಕಪ್ಪಾ. ಅವ್ವನ್ನ ನೋಡ್ಬೇಕು."

ಎರಡನೇ ಸಲ ಆ ಕೈ ಬರುವ ಹೊತ್ತಿಗೆ ಅವಳು ತನ್ನ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದಳು.