ಇದ್ದೀಯಾ ಭಾವ?

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನೀವು ನಂಬದೆ ಹೋದರೆ ನನಗೇ ಒಳ್ಳೆಯದು. ಆದರೆ ಅವತ್ತು ಎಚ್.ಡಿ. ಕೋಟೆಯ ಮೈದಾನದಲ್ಲಿ ಆ ದನಿಯನ್ನು ಕೇಳಿದವನು ನಾನೊಬ್ಬನೇ ಅಲ್ಲ. ಕೇಳಿದವರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ.

ಎಪ್ಪತ್ತರ ದಶಕದ ಆರಂಭ, ನನಗೆ ಇಪ್ಪತ್ತನಾಲ್ಕು. ಕೆ.ಆರ್. ನಗರದ ಹೊಸ ಅಗ್ರಹಾರದ ಹತ್ತಿರ ನಮ್ಮದು ನೀರಾವರಿ ಗದ್ದೆ. ಅದನ್ನು ಬಿಟ್ಟು ನಾನು ಹಾರ್ಮೋನಿಯಂ ಹೊತ್ತು ಊರೂರು ತಿರುಗುತ್ತಿದ್ದೆ. ನನಗೆ ನಾಟಕ ಕಂಪನಿಯೂ ಇಲ್ಲ, ಗುರುವೂ ಇಲ್ಲ. ಪದ ನಾನೇ ಕಟ್ಟಬೇಕು, ರಾಗ ನಾನೇ ಕೂರಿಸಬೇಕು, ಕರಪತ್ರವನ್ನೂ ನಾನೇ ಹಂಚಬೇಕು. ನಮ್ಮಪ್ಪ ನನಗೆ 'ಒಂಟಿ ಮೇಳ' ಎಂದು ಹೆಸರಿಟ್ಟಿದ್ದರು.

ಆ ಸಲದ ಕರಪತ್ರ ಗುಲಾಬಿ ಕಾಗದದ್ದು. ಶನಿವಾರ ಹುಣಸೂರು, ಮಂಗಳವಾರ ಹಾರನಹಳ್ಳಿ, ಶುಕ್ರವಾರ ಕೋಟೆ, ಆಮೇಲೆ ಭಾನುವಾರ ಕೆ.ಆರ್. ನಗರ. ಎಲ್ಲ ಕಡೆಯೂ ಸಂಜೆ ಏಳಕ್ಕೆ. ಕೋಟೆಯ ಮಾರನೇ ದಿನವೇ ಮೈಸೂರಿನ ರೇಡಿಯೋ ಸ್ಟೇಷನ್ನಿನಲ್ಲಿ ನನ್ನ ಧ್ವನಿ ಪರೀಕ್ಷೆ. ಅದೊಂದು ಪಾಸಾದರೆ ಅಪ್ಪನ ಬಾಯಿ ಮುಚ್ಚುತ್ತಿತ್ತು. ಕರಪತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ: 'ಸ್ವಂತ ಸಾಹಿತ್ಯ, ಸ್ವಂತ ರಾಗ.'

ಜನ ಯಾವ ಹಾಡಿಗಾಗಿ ಬರುತ್ತಿದ್ದರೋ ಆ ಹಾಡಿನ ಮಟ್ಟಿಗೆ ಎರಡೂ ಸುಳ್ಳು.

ಆ ಹಾಡನ್ನು ನಾನು ತಂದದ್ದು ಕಾಳನಿಂದ. ಕಾಳ ಕೋಟೆಯ ಕಾಡಂಚಿನ ಆದಿವಾಸಿ ಹಾಡಿಯವನು, ಕುಯ್ಲಿನ ಕಾಲಕ್ಕೆ ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದ. ಅವನು ಗುನುಗುವುದನ್ನು ಕೇಳಿ ನನಗೆ ಆಸೆ ಹುಟ್ಟಿತು. ಪೂರ್ತಿ ಹೇಳು ಎಂದರೆ, "ಅದು ಜೇನ್ ಮರದ್ ಪದ ಕಣಯ್ಯಾ, ನೆಲದ್ ಮೇಲೆ ಪೂರ್ತಿ ಬರಾಕಿಲ್ಲ" ಎಂದುಬಿಟ್ಟ. ಸರಿ, ಒಂದು ಅಮಾವಾಸ್ಯೆಯ ರಾತ್ರಿ ನೋಟ್‌ಬುಕ್ಕು, ಟಾರ್ಚು ಹಿಡಿದು ಅವನ ಹಿಂದೆಯೇ ಕಾಡಿಗೆ ಹೋದೆ.

ಹೆಜ್ಜೇನು ಕೀಳಲು ಮರ ಹತ್ತಿದವನು ಬೊಮ್ಮ, ಕಾಳನ ಅಕ್ಕನ ಗಂಡ. ಅವನು ಮೇಲೆ ಜೋತಾಡುವ ಬಳ್ಳಿಯನ್ನು ಕೆಳಗೆ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕು. ಒಡಹುಟ್ಟಿದವಳ ತಾಳಿ ಎಂದರೆ ಯಾರೂ ಕೈ ಸಡಿಲ ಬಿಡುವುದಿಲ್ಲ ಎಂಬುದು ಆ ಹಾಡಿಯವರ ನಂಬಿಕೆ. ಹಿಡಿದವನು ಹಾಡುತ್ತಲೇ ಇರಬೇಕು. 'ಬಳ್ಳಿ ಹಿಡಿದೀನಿ, ಬುಡಾಕಿಲ್ಲ... ಇದ್ದೀಯಾ ಭಾವ?' ಎಂದು ಕೆಳಗಿನವನು ಕೇಳಿದಾಗಲೆಲ್ಲ ಮೇಲಿನವನು 'ಓ...' ಎನ್ನಬೇಕು. ಆ ಕತ್ತಲಲ್ಲಿ ಅವನಿಗೆ ನೆಲ ಇದೆ ಎಂದು ಗೊತ್ತಾಗುವುದು ಆ ಹಾಡಿನಿಂದಲೇ.

ಕಾಳ ಮೊದಲೇ ಹೇಳಿದ್ದ. "ಅಯ್ಯಾ, ನಡುವೆ ನನ್ನ ಮಾತಾಡಿಸ್‌ಬ್ಯಾಡಿ. ಅವ್ನು ಇಳೀಗಂಟ ಪದ ನಿಲ್ಬಾರ್ದು."

ಹಸಿ ಸೊಪ್ಪಿನ ಹೊಗೆ ಕಣ್ಣು ಉರಿಸುತ್ತಿತ್ತು. ಬಳ್ಳಿ ಕಿರ್... ಕಿರ್... ಎನ್ನುತ್ತಿತ್ತು. ನನಗೆ ಒಂದು ಸಾಲು ತಪ್ಪಿಹೋಯಿತು.

"ಕಾಳ, ಆ ಸಾಲು ಇನ್ನೊಂದ್ಸಲ ನಿಧಾನಕ್ಕೆ ಹೇಳು, ಬರ್ಕೋತೀನಿ."

ಅವನು ಹಾಡುತ್ತಲೇ ತಲೆಯಾಡಿಸಿದ. ನಾನು ಬಿಡಲಿಲ್ಲ. ಅವನ ಭುಜ ಹಿಡಿದು ಎಳೆದೆ. ಗದ್ದೆಯ ಯಜಮಾನನ ಮಗ ಕೇಳಿದರೆ ಕೂಲಿಗೆ ಬರುವವನು ಎಷ್ಟು ಹೊತ್ತು ಇಲ್ಲ ಎಂದಾನು? ಹಾಡು ನಿಲ್ಲಿಸಿ ಆ ಸಾಲನ್ನು ಬಿಡಿಬಿಡಿಯಾಗಿ ಹೇಳಿದ. ನಾನು ಬರೆದುಕೊಂಡೆ.

ಮೇಲಿನಿಂದ ಒಂದೇ ಸಲ, "ಕಾಳಾ?" ಎಂಬ ದನಿ ಬಂತು. ಆಮೇಲೆ ಕೊಂಬೆಗಳು ಮುರಿದ ಸದ್ದು.

ಜೇನು ಕಚ್ಚಿ ಬೊಮ್ಮ ಕೈ ಬಿಟ್ಟು ಬಿದ್ದು ಸತ್ತ ಎಂದುಕೊಂಡರು ಹಾಡಿಯವರು. ಕಾಳ ಯಾರಿಗೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮೂರು ತಿಂಗಳು ಆ ನೋಟ್‌ಬುಕ್ಕು ಮುಟ್ಟದೆ ಇದ್ದವನು, ನಾಲ್ಕನೆಯ ತಿಂಗಳು ತೆಗೆದು ಹಾರ್ಮೋನಿಯಂ ಮೇಲೆ ಇಟ್ಟುಕೊಂಡೆ.

ಒಂದು ಅಕ್ಷರವನ್ನೂ ಬದಲಿಸಬೇಕಾಗಲಿಲ್ಲ. 'ಭಾವ' ಎಂದರೆ ನಮ್ಮ ಕಡೆ ಸೋದರತ್ತೆಯ ಮಗನೂ ಹೌದಲ್ಲ! ಹುಡುಗಿಯೊಬ್ಬಳು ತನ್ನ ಭಾವನನ್ನು ಕೀಟಲೆ ಮಾಡುವ ಹಾಡೆಂದು ಜನ ತಾವೇ ತಿಳಿದುಕೊಂಡರು. ಹುಣಸೂರಿನಲ್ಲಿ ನಾನು 'ಇದ್ದೀಯಾ ಭಾವ?' ಎಂದರೆ ಸಾಕು, ಹಿಂದಿನಿಂದ ಪಡ್ಡೆಗಳೆಲ್ಲ "ಇವ್ನಿ ಕಣಮ್ಮೀ!" ಎಂದು ಕೂಗುತ್ತಿದ್ದರು. ಮೂರು ಸಲ ಹಾಡಿಸಿದರು. ನಾನು ಉಬ್ಬಿಹೋದೆ. ಆದರೆ ಮೂರನೆಯ ಸಲ ಹಾಡುವಾಗ ಎಲ್ಲಿಂದಲೋ ಹಸಿ ಸೊಪ್ಪು ಸುಟ್ಟ ವಾಸನೆ ಬಂತು...

ಹಾರನಹಳ್ಳಿಯಲ್ಲಿ ವಾಸನೆಯ ಜೊತೆಗೆ ಸದ್ದೂ ಸೇರಿತು. ತಲೆಯ ಮೇಲೆ ಎಲ್ಲೋ, ಕಿರ್... ಕಿರ್... ಪೆಂಡಾಲಿನ ಬೊಂಬು ಇರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಶುಕ್ರವಾರ ಕೋಟೆ. ಮೈದಾನದ ಗೋಣಿಮರದ ಕೆಳಗೆ ವೇದಿಕೆ, ಎರಡು ಪೆಟ್ರೋಮ್ಯಾಕ್ಸು. ಗುರುಪುರದ ಟಿಬೆಟಿನವರ ಹತ್ತಿರ ಕೊಂಡ ಸ್ವೆಟರ್ ಹಾಕಿದ್ದರೂ ಬೆನ್ನು ತಣ್ಣಗಿತ್ತು. ಜನರ ಕೊನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಕಾಳ ಕಣ್ಣಿಗೆ ಬಿದ್ದ. ಇವತ್ತು ಆ ಹಾಡು ಬೇಡ ಎಂದು ಆ ಕ್ಷಣವೇ ನಿರ್ಧರಿಸಿದೆ. ಆದರೆ ಜನ ಬಿಡಬೇಕಲ್ಲ? 'ಭಾವ, ಭಾವ' ಎಂದು ಗಲಾಟೆ ಎಬ್ಬಿಸಿದರು. ನಾಳೆಯ ಪರೀಕ್ಷೆಗೂ ಅದೇ ಹಾಡು, ಒಂದು ಸಲ ಗಂಟಲಿಗೆ ಬರಲಿ ಎಂಬ ದುರಾಸೆ ನನಗೂ ಇತ್ತು.

"ಬಳ್ಳಿ ಹಿಡಿದೀನಿ, ಬುಡಾಕಿಲ್ಲ... ಇದ್ದೀಯಾ ಭಾವ?"

ಪಡ್ಡೆಗಳು ಕೂಗಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ, ನನ್ನ ನೆತ್ತಿಯ ಮೇಲಿನಿಂದ...

"ಓ..."

ಕೊಂಚ ಒಡಕು ದನಿ. ಅಮಾವಾಸ್ಯೆಯ ರಾತ್ರಿ ಎಷ್ಟೋ ಸಲ ಕೇಳಿದ್ದ ದನಿ. ತೆರೆದ ಬಾಯಿಗಳು ಹಾಗೆಯೇ ಮುಚ್ಚಿಕೊಂಡವು. ಪೆಟ್ರೋಮ್ಯಾಕ್ಸಿನ ಬುಸುಗುಟ್ಟುವ ಸದ್ದು ಬಿಟ್ಟರೆ ಏನೂ ಇಲ್ಲ. ನನ್ನ ಕೈ ತಾನಾಗಿಯೇ ಹಾರ್ಮೋನಿಯಂ ಬಿಟ್ಟಿತು. ಹಾಡು ನಿಂತಿತು.

ಮೇಲಿನಿಂದ ಮತ್ತೆ, ಹೆದರಿದವನ ದನಿಯಲ್ಲಿ...

"ಕಾಳಾ?"

ನಾನು ಕಣ್ಣು ಮುಚ್ಚಿ ಕೊಂಬೆ ಮುರಿಯುವ ಸದ್ದಿಗೆ ಕಾದೆ. ಬರಲಿಲ್ಲ. ಏನೂ ಬೀಳಲಿಲ್ಲ.

"ಯಾವನ್ಲಾ ಅವ್ನು ಮರದ್ ಮ್ಯಾಲೆ!" ಎಂದು ಯಾರೋ ನಕ್ಕರು. ಇಬ್ಬರು ಟಾರ್ಚ್ ಹಿಡಿದು ತುದಿಯವರೆಗೂ ಹತ್ತಿ ಇಳಿದರು. "ಒಂದ್ ಗೂಗೇನೂ ಇಲ್ಲ ಕಣ್ರೀ" ಎಂದಾಗ ಜನ ಒಬ್ಬೊಬ್ಬರೇ ಎದ್ದು ಮನೆ ಕಡೆ ನಡೆದರು.

ಕಾಳ ಓಡಿ ಬಂದಿದ್ದ. ಅವನ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಯಾಕ್ ನಿಲ್ಸಿದ್ರಿ ಅಯ್ಯಾ? ಓಗೊಟ್ಟಿದ್ನಲ್ಲಾ... ಯಾಕ್ ನಿಲ್ಸಿದ್ರಿ?"

ಅವನು ಮರದ ಬುಡಕ್ಕೆ ಕಾಲು ಒತ್ತಿ ನಿಂತ. ಬರಿಗೈಯನ್ನು ಮುಷ್ಟಿ ಕಟ್ಟಿ, ಬಳ್ಳಿ ಹಿಡಿದವನಂತೆ ಎದೆಗೆ ಎಳೆದುಕೊಂಡ.

"ನೀವ್ ನಡೀರಿ, ಬಸ್ ವೋಯ್ತದೆ. ಅವ್ನು ಇಳೀಗಂಟ ನಾ ಪದ ಆಡ್ತೀನಿ."

ನಾನು ಹೋದೆ... ಹೌದು, ಹೋದೆ. ಬೆಳಿಗ್ಗೆ ಮೈಸೂರಿನಲ್ಲಿ ಪರೀಕ್ಷೆಯಿತ್ತಲ್ಲ! ಮೈಸೂರಿನ ಕೊನೆಯ ಬಸ್ಸಿನ ಕಿಟಕಿಯಿಂದ ಅವನ ದನಿ ಕೇಳುತ್ತಲೇ ಇತ್ತು. ಕಿಟಕಿ ಮುಚ್ಚಿದೆ.

ಮಾರನೇ ದಿನ ಸ್ಟೇಷನ್ನಿನ ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಹಾಡಿದೆ. 'ಇದ್ದೀಯಾ ಭಾವ?' ಎಂಬಲ್ಲಿಗೆ ಬಂದು ನಿಂತೆ. ಗಾಜಿನ ಆಚೆ ಇದ್ದವರು ಮುಂದುವರಿಸಿ ಎಂದು ಕೈ ಸನ್ನೆ ಮಾಡಿದರು. ನಾನು ಮಾತ್ರ ಮೇಲೆ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದೆ. ಪರೀಕ್ಷೆ ಅಲ್ಲಿಗೆ ಮುಗಿಯಿತು. ಕೆ.ಆರ್. ನಗರದ ಕಾರ್ಯಕ್ರಮ ನಡೆಯಲಿಲ್ಲ. ಹಾರ್ಮೋನಿಯಂ ಅಟ್ಟ ಸೇರಿತು.

ಕಾಳ ಆಮೇಲೆ ನಮ್ಮ ಗದ್ದೆಗೆ ಬರಲಿಲ್ಲ. ಎರಡು ವರ್ಷದ ಮೇಲೆ ಕೋಟೆ ಸಂತೆಯಲ್ಲಿ ಸಿಕ್ಕಿದ. ದನಿ ಪೂರ್ತಿ ಕೂತುಹೋಗಿತ್ತು. ತಲೆ ತಗ್ಗಿಸಿಕೊಂಡೇ ಕೇಳಿದೆ.

"ಅವತ್ತು... ಇಳಿದನಾ?"

ಕಾಳ ಅತ್ತಿತ್ತ ನೋಡಿ ಹತ್ತಿರ ಬಂದ. ಹೊಗೆಯ ವಾಸನೆ.

"ಎಲ್ಲಯ್ಯಾ... ಕತ್ಲಾದ್ರೆ ಇವತ್ಗೂ ನಾ ಆಡ್ತೀನಿ, ಅವ್ನು ಓ ಅಂತಾನೆ. ಇಳಿ ಅಂದ್ರೆ ಒಂದೇ ಮಾತು ಕೇಳ್ತಾನೆ. 'ಆ ಅಮಾಸೆ ರಾತ್ರಿ ಪದ ನಿಲ್ಸಿದೋರು ಯಾರು?' ಅಂತ." ದನಿ ಇನ್ನೂ ತಗ್ಗಿಸಿದ. "ನಿಮ್ಮೆಸ್ರು ನಾ ಏಳಿಲ್ಲ, ಬುಡಿ."

ಅವನ ಅಭಯವೇ ನನ್ನನ್ನು ಇವತ್ತಿಗೂ ತಿನ್ನುತ್ತಿದೆ. ನಾನು ಕತ್ತಲಾದ ಮೇಲೆ ಮರಗಳ ಕೆಳಗೆ ಮಾತಾಡುವುದಿಲ್ಲ. ಆ ರಾತ್ರಿ ಮರದ ಮೇಲಿದ್ದವನಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ನಾನು ಆ ಸಾಲನ್ನು ಮತ್ತೆ ಹೇಳೆಂದು ಕಾಳನನ್ನು ಕೇಳಿದ್ದೆ. ಅವನು ನನ್ನ ದನಿ ಗುರುತು ಹಿಡಿಯಬಲ್ಲ.