ಗೊಂಬೆ ಮೆಟ್ಟಿಲಲ್ಲಿ ಮಾವನವರ ಆಸ್ಪತ್ರೆ

ಸ್ನೇಹಿತರೇ, ಇವತ್ತು ಸಂಜೆ ಅರಿಶಿನ-ಕುಂಕುಮಕ್ಕೆ ಬಂದ ಎದುರುಮನೆಯ ಪದ್ಮಕ್ಕ ನಮ್ಮ ದಸರಾ ಗೊಂಬೆಗಳನ್ನು ನೋಡುತ್ತಾ ಕೊನೆಯ ಮೆಟ್ಟಿಲ ಮುಂದೆ ನಿಂತುಬಿಟ್ಟರು. ಅಲ್ಲಿ ನಮ್ಮ ಮಾವನವರು ಕಟ್ಟಿದ ಪುಟ್ಟ ಮಿಲಿಟರಿ ಆಸ್ಪತ್ರೆ ಇದೆ. ಯುದ್ಧಕಾಲದಲ್ಲಿ ಗಾಯಾಳುಗಳ ಆರೈಕೆ ಮಾಡಿದವರು ಅವರು. ಹಳೆಯ ಯೂನಿಫಾರ್ಮ್ ಹರಿದು ಡೇರೆ, ಪೊರಕೆಕಡ್ಡಿಯ ಹನ್ನೆರಡು ಮಂಚ, ಒಂದೊಂದರ ಮೇಲೂ ಬೆರಳುದ್ದದ ಸಿಪಾಯಿ. ಸಿಪಾಯಿಗಳನ್ನು ಮಾಡಿದ ಮಣ್ಣು ಇಲ್ಲೇ ಹತ್ತಿರದ ಚಿತ್ತವಾಡ್ಗಿ ಕಾಲುವೆಯದು. ವರ್ಷವಿಡೀ ಅವರಿಗೆ ಅದೊಂದೇ ಕೆಲಸ.

"ಹಬ್ಬದಾಗ ದವಾಖಾನಿ ಯಾಕ್ರಿ? ಹೋಗ್ಲಿ, ಆ ಮೂಲ್ಯಾಗ ಒಬ್ಬನ್ನ ಮಕ ಮುಚ್ಚಿ ಮಲಗಿಸೀರಲ್ಲ, ಅದನ್ನಾರ ತೆಗೀರಿ. ಭಾಳ ಅಪಶಕುನ," ಎಂದರು ಪದ್ಮಕ್ಕ.

ಸುಳ್ಳೇಕೆ ಹೇಳಲಿ, ಮೊದಲ ದಿನದಿಂದ ನನಗೂ ಹಾಗೇ ಅನಿಸಿತ್ತು. ಕೈ ಚಾಚಿದೆ.

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮಾವನವರು ಕಣ್ಣು ಬಿಟ್ಟರು.

"ಆ ಹುಡುಗನ್ನ ಮುಟ್ಟಬ್ಯಾಡವಾ. ಅವನ ಮನಿಯವ್ರು ಇನ್ನೂ ಬಂದಿಲ್ಲ."

ಪದ್ಮಕ್ಕ ಕೋಸಂಬರಿ ಬಟ್ಟಲು ಹಿಡಿದೇ ಕುಳಿತುಬಿಟ್ಟರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ವಿಜಯದಶಮಿಯಂದು ಒಂದು ಗೊಂಬೆಯನ್ನಾದರೂ ಮಲಗಿಸಿ ಹಬ್ಬ ಮುಗಿಸುವುದು ನಮ್ಮ ಪದ್ಧತಿ. ಮಲಗಿದವರನ್ನು ಎಬ್ಬಿಸುವ ಪದ್ಧತಿ ನಿಮ್ಮ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.