ತಾತ ತೂಗುಬಿಟ್ಟ ಮರಳಿನ ಚೀಲ

ತಾತನ ಬಲಗೈ ಹೆಬ್ಬೆರಳು ಸೌಟಿನಂತೆ ಚಪ್ಪಟೆಯಾಗಿತ್ತು. ಅದಕ್ಕೆ ಯಾವಾಗಲೂ ಹರಳೆಣ್ಣೆಯ ವಾಸನೆ. ಮುರಿದ ಎಲುಬಿನ ಮೇಲೆ ಆ ಬೆರಳಿಟ್ಟು ಕಣ್ಣು ಮುಚ್ಚಿದರೆಂದರೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಸಿದ್ದಾಪುರದ ಬಂಡೆಗಳ ನಡುವೆ ಕುರಿ ಮೇಯಿಸುತ್ತ, ಕುರಿಗಳ ಕಾಲು ಕಟ್ಟಿ ಕಲಿತ ವಿದ್ಯೆ ಅವರದು. ನನಗೆ ನೆಂಟರಲ್ಲ, ಊರಿಗೆಲ್ಲ ತಾತ, ನನಗೂ ತಾತ.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟ ಇಳಿಯುವಾಗ ಮೆಟ್ಟಿಲು ಬಿಟ್ಟು ಬಂಡೆಯ ಮೇಲೆ ಹೋಗಿ ಜಾರಿ ಬಿದ್ದೆ. ಎಡ ಸೊಂಟದ ಕೀಲಿನಲ್ಲಿ ತೊಡೆಯ ಎಲುಬು ಮುರಿಯಿತು. ಹೈಸ್ಕೂಲು ಓದಿದ್ದರೂ ನನ್ನ ಕಸುಬು ನೇಯ್ಗೆಯೇ; ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಗುಂಡಿಯಲ್ಲಿ ಕಾಲಿಳಿಬಿಟ್ಟು ತುಳಿಯುವ ಮಗ್ಗಕ್ಕೆ ಎರಡು ಕಾಲೂ ಬೇಕು.

ತಾತ ಬಿದಿರ ದಬ್ಬೆ ಕಟ್ಟುತ್ತಾರೆಂದು ಎಲ್ಲರೂ ತಿಳಿದಿದ್ದೆವು. ಅವರು ಅಪ್ಪನಿಗೆ ಹೇಳಿದ್ದೇ ಬೇರೆ: “ಮೊಣಕಾಲ ಕೆಳಗಾದ್ರೆ ನನ್ನ ದಬ್ಬೆ ಸಾಕು. ಸೊಂಟಕ್ಕೆ ದಬ್ಬೆ ಕಟ್ಟಿ ನಾಕು ಜನಾನ ಕುಂಟ್ರನ್ನ ಮಾಡೀನಿ ಕಣಪ್ಪ. ಅದು ಹಿಡಿಯಲ್ಲ.”

ಹಿಂದಿನ ಬೇಸಿಗೆಯಲ್ಲಿ ಅವರು ಚಳ್ಳಕೆರೆಯ ಆಸ್ಪತ್ರೆಗೆ ಸೊಂಟ ಮುರಿದವನೊಬ್ಬನನ್ನು ಬಂಡಿಯಲ್ಲಿ ಕರೆದೊಯ್ದು, ಡಾಕ್ಟರು ಅವನ ಪಾದಕ್ಕೆ ಹಗ್ಗ ಕಟ್ಟಿ ಭಾರ ತೂಗುಬಿಡುವುದನ್ನು ದಿನಗಟ್ಟಲೆ ಕೂತು ನೋಡಿದ್ದರು. ಆ ವಯಸ್ಸಿನಲ್ಲಿ, ಅಷ್ಟು ಹೆಸರಿದ್ದವರು, ಇನ್ನೊಬ್ಬರ ಬಾಗಿಲಲ್ಲಿ ಕೂತು ಕಲಿತರು. ಹೊರದೇಶದಲ್ಲಿ ಪ್ರಾಯದವರಿಗೆ ಸೊಂಟ ಕೊಯ್ದು ಮೊಳೆಯನ್ನೇ ಹೊಡೆಯುತ್ತಾರೆಂದೂ ಡಾಕ್ಟರು ಹೇಳಿದ್ದರಂತೆ. “ಬಾಗ್ಲಿಗೆ ಹೊಡ್ದಂಗೆ! ನನಗಷ್ಟು ಧೈರ್ಯ ಇಲ್ಲಪ್ಪ, ಚೀಲ ಕಟ್ತೀನಿ” ಎಂದು ನಕ್ಕರು.

ಮಂಚದ ತುದಿಗೆ ಬಾವಿಯ ಹಳೆಯ ರಾಟೆ ಬಿಗಿದು, ನನ್ನ ಪಾದದಿಂದ ಮರಳಿನ ಚೀಲ ಇಳಿಬಿಟ್ಟರು. ಎರಡು ತಿಂಗಳು ಏಳುವಂತಿಲ್ಲ. ಮೂರು ದಿನಕ್ಕೊಮ್ಮೆ ನಡೆದು ಬಂದು ನನ್ನ ಕಾಲ್ಬೆರಳು ಚಿವುಟುತ್ತಿದ್ದರು. “ಉರಿತೈತಾ? ಉರೀಲಿ, ಕಾಲಾಗೆ ಜೀವ ಐತೆ. ಮಾವನ ಮನೇಲಿ ಬಿದ್ಕಂಡಂಗೆ ಬಿದ್ಕಾ.”

ಮಾವನ ಮನೆ ಬರೀ ತಮಾಷೆಯಾಗಿರಲಿಲ್ಲ. ನನ್ನಿವಾಳ ಎಂಬ ಊರಿನ ಹೆಣ್ಣಿನೊಡನೆ ನನ್ನ ಮದುವೆಯ ಮಾತು ನಡೆದಿತ್ತು. ಹೆಣ್ಣಿನ ಕಡೆಯವರಿಗೆ ನನ್ನ ಕಾಲು ಉಳುಕಿದೆ ಎಂದಷ್ಟೇ ಹೇಳಿಕಳಿಸಿದ್ದೆವು. ನಾನು ಮಲಗಿ ತಿಂಗಳು ದಾಟಿದ್ದ ಒಂದು ಬೆಳಿಗ್ಗೆ ಅಪ್ಪ ಸಂತೆಗೆ, ಅವ್ವ ಬಾವಿಗೆ ಹೋಗಿದ್ದಾಗ ಹುಡುಗಿಯ ಸೋದರಮಾವ ಹೇಳದೆ ಬಂದು ಜಗಲಿಯಿಂದ ಕೂಗಿದ. ಕಾಲಿಗೆ ಚೀಲ ಕಟ್ಟಿಕೊಂಡು ಮಲಗಿದ್ದನ್ನು ಅವನು ನೋಡಿದರೆ ಹೆಣ್ಣು ತಪ್ಪುತ್ತದೆ ಅನ್ನಿಸಿತು. ಗಂಟು ಬಿಚ್ಚಿದೆ. ಚೀಲವನ್ನು ಮಂಚದಡಿಗೆ ತಳ್ಳಿ, ಗೋಡೆ ಹಿಡಿದು ಹೋಗಿ, ಹಲ್ಲು ಕಚ್ಚಿ ಅವನ ಕೈಗೆ ನೀರಿನ ಚೊಂಬು ಕೊಟ್ಟೆ. ಅವನು ಹೋದ ಮೇಲೆ ಮತ್ತೆ ಕಟ್ಟಿಕೊಂಡು ಮಲಗಿದೆ.

ಮುಂದಿನ ಸಲ ತಾತ ಹೆಬ್ಬೆರಳಿಟ್ಟು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

“ಎದ್ದಿದ್ಯೇನಪ್ಪಾ?”

“ಇಲ್ಲ ತಾತ.”

ಎಲುಬು ಜರುಗಿದೆ ಎಂದು ಕೇಳಿ ಅಪ್ಪ ಸಿಡಿದರು. “ಯಾರದೋ ವಿದ್ಯೆ ತಂದು ನನ್ನ ಮಗನ ಮೇಲೆ ಮಾಡಿ ನೋಡಿದ್ರೇನ್ರಿ?” ತಾತ ನನ್ನ ಕಾಲನ್ನು ಮೆಲ್ಲಗೆ ಎಳೆದು ಸರಿ ಕೂರಿಸಿ, ಮರಳು ಹೆಚ್ಚಿಸಿ, ಮತ್ತೆರಡು ತಿಂಗಳು ಆ ಬೈಗುಳ ಕೇಳುತ್ತಲೇ ನಡೆದು ಬಂದರು. ಎದ್ದಾಗ ನನ್ನ ಎಡಗಾಲು ಒಂದು ಬೆರಳಗಲದಷ್ಟು ಗಿಡ್ಡವಾಗಿತ್ತು. ಆದರೆ ಮಗ್ಗ ತುಳಿಯುತ್ತಿತ್ತು. ಉಳುಕಿದ ಕಾಲನ್ನು ಚೀಲವೇ ಕೆಡಿಸಿತೆಂದು ಹೆಣ್ಣಿನ ಕಡೆಯವರು ನಂಬಿದರು; ಮದುವೆಯೂ ಆಯಿತು.

ಊರೂ ಚೀಲವನ್ನೇ ಬೈಯಿತು. ಮರುವರ್ಷ ನನ್ನದೇ ವಯಸ್ಸಿನ ಬಂಡಿಯವನೊಬ್ಬನಿಗೆ ಸೊಂಟ ಮುರಿಯಿತು. ಅವನ ಮನೆಯವರು ನನ್ನ ಕುಂಟು ತೋರಿಸಿ, ತಾತನನ್ನು ವಾಪಸು ಕಳಿಸಿ, ಬೇರೆಯವರಿಂದ ದಬ್ಬೆ ಕಟ್ಟಿಸಿದರು. ಅವನು ಕೋಲಿಲ್ಲದೆ ಮತ್ತೆ ನಡೆಯಲಿಲ್ಲ.

ಅದನ್ನು ಕಂಡು ತಾಳಲಾರದೆ ಸಿದ್ದಾಪುರಕ್ಕೆ ಹೋಗಿ, ಚೀಲ ಬಿಚ್ಚಿ ಎದ್ದದ್ದನ್ನು ಒಪ್ಪಿಕೊಂಡು ತಾತನ ಕಾಲು ಹಿಡಿದೆ.

“ಗೊತ್ತಿತ್ತು ಬಿಡಪ್ಪ” ಎಂದರು. “ನೀನು ಎದ್ದು ನೀರು ಕೊಟ್ಟಿದ್ದನ್ನ ಆ ಹುಡುಗಿ ಸೋದರಮಾವನೇ ದಾರೀಲಿ ಸಿಕ್ಕಿ ಹೇಳಿದ್ದ. ನಿಮ್ಮಪ್ಪನ ಮುಂದೆ ಅಂದಿದ್ರೆ ಊರಿಗೆಲ್ಲ ಹಬ್ಬಿ, ಮುರಿದ ಕಾಲು ಮುಚ್ಚಿಟ್ಟು ಮೋಸ ಮಾಡ್ದ ಅಂತ ಹೆಣ್ಣಿನ ಕಡೇರು ಬಿಡ್ತಿದ್ರು. ಕಾಲೂ ಹೋಗಿ ಹೆಣ್ಣೂ ಹೋಗ್ಬಾರ್ದಲ್ಲ.”

ಊರಲ್ಲಿ ಹೇಳಿಬಿಡುತ್ತೇನೆ ಎಂದೆ. ತಡೆಯಲಿಲ್ಲ. “ಹೇಳು. ಇನ್ನೊಬ್ಬ ಹುಡುಗನ ಸೊಂಟ ಉಳೀತೈತೆ.” ಆಮೇಲೆ ದಾರ ಹಿಡಿದು ನನ್ನ ಎರಡೂ ಕಾಲು ಅಳೆದು, ಎಡಗಾಲ ಮೆಟ್ಟಿನ ಅಟ್ಟೆಗೆ ಒಂದು ಪದರ ಚರ್ಮ ಹೆಚ್ಚು ಹಾಕಿಸಿಕೊಟ್ಟರು. ಅಂದಿನಿಂದ ನನ್ನ ಕುಂಟು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ನಾನು ಹೇಳಲಿಲ್ಲ. ಇವತ್ತಿಗೆ ನಾಳೆಗೆ ಎನ್ನುತ್ತಿರುವಾಗಲೇ ತಾತ ತೀರಿಕೊಂಡರು. ಅವರ ಮಣ್ಣಿಗೆ ಹೋದಾಗಲೂ ಹೇಳಲು ಬಾಯಿ ಬರಲಿಲ್ಲ. ಅವರು ಉಳಿಸಿಕೊಟ್ಟ ಕಾಲಿನಲ್ಲಿ ನಲವತ್ತು ವರ್ಷ ಮಗ್ಗ ತುಳಿದೆ, ಅವರು ಉಳಿಸಿಕೊಟ್ಟ ಹೆಣ್ಣಿನೊಡನೆ ಬಾಳಿದೆ. ಈಗ ಅವಳೂ ಇಲ್ಲ. ನಾನು ಹೆದರಬೇಕಾದವರು ಯಾರೂ ಉಳಿದಿಲ್ಲ. ತಡವಾಗಿ ಬರೆಯುತ್ತಿದ್ದೇನೆ: ತಾತ ಕಟ್ಟಿದ್ದು ಸರಿಯಾಗಿತ್ತು. ಬಿಚ್ಚಿದವನು ನಾನು.